ಎಣಿಕೆಗೆ ಬಾರದವರು

“ಮತ್ತೆ ಸೊನ್ನೆ,” ಎಂದ ಕಡ್ಡಿ.

ಜಿಗಣೆ ಪರದೆಯತ್ತ ತಿರುಗಲೂ ಇಲ್ಲ. ಎಡಗಾಲಿನ ಬೂಟು ಬೆಳಗಿನಿಂದ ಹಿಮ್ಮಡಿಯನ್ನು ಕಚ್ಚುತ್ತಿತ್ತು. ಅಳತೆ ಕೊಟ್ಟು ಮಾಡಿಸುವ ಪಾದರಕ್ಷೆಗಳ ಅಂಗಡಿಯಲ್ಲಿ ಕೂತು ಕಚ್ಚುವ ಬೂಟು ಹಾಕಿಕೊಂಡ ತನ್ನ ಹಣೆಬರಹಕ್ಕೆ ನಗಬೇಕೋ ಅಳಬೇಕೋ ತಿಳಿಯದೆ, ಅದನ್ನು ಕಿತ್ತು ಮೇಜಿನ ಕೆಳಗೆ ಎಸೆದಳು.

“ಯಾವುದು ಸೊನ್ನೆ?”

“ಅರ್ಧ ಆರ್ಡರುಗಳ ಪುಟ. ನಿನ್ನೆ ಯಾರೂ ತೆರೆದಿಲ್ಲ. ಮೊನ್ನೆಯೂ ಇಲ್ಲ. ಈ ತಿಂಗಳಲ್ಲೇ ಯಾರೂ ಇಲ್ಲ.”

“ಯಾರೂ ತೆರೆಯದ ಪುಟದಿಂದ ಫೋನ್ ನಂಬರು ಹೇಗಪ್ಪಾ ಹೊರಗೆ ಹೋಗುತ್ತೆ? ರೆಕ್ಕೆ ಬಂದಿದೆಯಾ ಅದಕ್ಕೆ?”

ಕಡ್ಡಿ ಎಣಿಕೆಯನ್ನು ಇನ್ನೊಮ್ಮೆ ತೆರೆದು ನೋಡಿದ. ಗಾಳಿ ಬಂದರೆ ಹಾರಿಹೋಗುವಂತಿದ್ದ ಯುವಕ. ಅಂಗಡಿಯ ಜಾಲತಾಣ ಕಟ್ಟಿದವನು ಅವನೇ, ಅಂಗಡಿಯ ಯಜಮಾನಿಯ ಸ್ವಂತ ತಮ್ಮನೂ ಅವನೇ, ಸದ್ಯಕ್ಕೆ ಎಲ್ಲರ ಕಣ್ಣಲ್ಲಿ ಕಳ್ಳನೂ ಅವನೇ.

ಜಾಲತಾಣಕ್ಕೆ ಬಂದು ಕಾಲಿನ ಅಳತೆ, ಫೋನ್ ನಂಬರು ಎಲ್ಲ ತುಂಬಿ, ಕೊನೆಯ ಪುಟದಲ್ಲಿ ಮನಸ್ಸು ಬದಲಾಯಿಸಿ ಎದ್ದುಹೋಗುವ ಗಿರಾಕಿಗಳಿಗೆ ಅದೇ ಸಂಜೆ ಇನ್ನೊಂದು ಅಂಗಡಿಯಿಂದ ಕರೆ ಬರುತ್ತಿತ್ತು. ಅವರು ಯಾಕೆ ಎದ್ದುಹೋಗುತ್ತಾರೆಂದು ತಿಳಿಯಲು ಜಿಗಣೆಯನ್ನು ಕರೆಸಿದ ಮೇಲೆ ಶುರುವಾದ ಕಾಟ ಇದು. ಇವತ್ತು ಅಂಗಡಿಯ ಬಾಗಿಲು ಹಾಕುವುದರೊಳಗೆ ಕಳ್ಳ ಸಿಗದಿದ್ದರೆ ತಮ್ಮನನ್ನೇ ಪೊಲೀಸರ ಕೈಗೆ ಕೊಡುತ್ತೇನೆ ಎಂದು ಯಜಮಾನಿ ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ಜಿಗಣೆ ಎನ್ನುವುದು ವಿಮಾ ಕಂಪನಿಯವರು ಇಟ್ಟ ಹೆಸರು. ಸುಳ್ಳು ಪರಿಹಾರ ಕೇಳಿದವರನ್ನು ಕಚ್ಚಿ ಹಿಡಿದರೆ ಬಿಡುತ್ತಿರಲಿಲ್ಲವಂತೆ. ಆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರು ಮಾಡಿದ ಮೇಲೂ ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಸುಟ್ಟ ಗೋದಾಮು, ಮುಳುಗಿದ ದೋಣಿ, ಸತ್ತು ಬದುಕಿದ ಭಾವ, ಎಲ್ಲವನ್ನೂ ಅವಳು ಬಿಡಿಸಿದ್ದಳು. ಈ ಹಾಳು ಜಾಲತಾಣ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಅವಳ ಮೈ ಉರಿಸಿದ್ದು ಕಳ್ಳನಲ್ಲ, ದಾರಿ. ಕಾಲಿಟ್ಟ ಜಾಗದಲ್ಲಿ ಹೆಜ್ಜೆಗುರುತು ಇರುವ ಊರಿನಲ್ಲಿ ಬೆಳೆದವಳು ಅವಳು. ಇಲ್ಲಿ ಜನರ ನಡವಳಿಕೆ ನೋಡಬೇಕೆಂದರೆ ಮೊದಲು ಯಾವ ಕನ್ನಡಕ ಹಾಕಿಕೊಳ್ಳಬೇಕೆಂದು ಆರಿಸಬೇಕು. ತಪ್ಪು ಕನ್ನಡಕ ಹಾಕಿಕೊಂಡರೆ ಆನೆ ಎದುರಿಗೆ ಹೋದರೂ ಕಾಣಿಸದು.

ಮೊದಲು ಎಣಿಕೆಯನ್ನು ನೆಚ್ಚಿದಳು. ಎಷ್ಟು ಮಂದಿ ಬಂದರು, ಯಾವ ಪುಟದಲ್ಲಿ ಎದ್ದುಹೋದರು ಎಂದಷ್ಟೇ ಹೇಳಿ ಎಣಿಕೆ ಬಾಯಿ ಮುಚ್ಚಿಕೊಂಡಿತು. ಯಾಕೆ ಹೋದರು ಎಂದು ಕೇಳಿದರೆ ಗೋಡೆಯನ್ನು ಕೇಳಿದ ಹಾಗೆ. ಆಮೇಲೆ ಕಡ್ಡಿ ಹೀಟ್‌ಮ್ಯಾಪು ತೋರಿಸಿದ. ಜನ ಹೆಚ್ಚು ಒತ್ತಿದ ಕಡೆ ಕೆಂಪು, ಯಾರೂ ಮುಟ್ಟದ ಕಡೆ ನೀಲಿ. ನೋಡಲು ಚೆಂದ, ಗೋಡೆಗೆ ತೂಗುಹಾಕಬಹುದು, ಅದರಿಂದ ಕಳ್ಳನನ್ನು ಹಿಡಿಯಲು ಮಾತ್ರ ಬಾರದು.

ಹಾಗಾದರೆ ಜನರನ್ನೇ ಕೇಳೋಣವೆಂದು ‘ಯಾಕೆ ಹೊರಟಿರಿ?’ ಎಂಬ ಪ್ರಶ್ನೆ ಹಾಕಿಸಿದಳು. ಉತ್ತರಿಸಿದವರೆಲ್ಲ ‘ಬೆಲೆ ಜಾಸ್ತಿ’ ಎಂದರು. ಅದು ಶುದ್ಧ ಸುಳ್ಳೆಂದು ರೆಕಾರ್ಡಿಂಗು ನೋಡಿದ ಮೇಲೆ ಗೊತ್ತಾಯಿತು. ಜಾಲತಾಣದಲ್ಲಿ ಓಡಾಡುವವರ ಮೌಸಿನ ಬಾಣದ ಗುರುತು ಎಲ್ಲಿ ಹೋಯಿತು, ಎಲ್ಲಿ ನಿಂತಿತು ಎಂಬುದನ್ನು ಸಿನಿಮಾದಂತೆ ತೋರಿಸುವ ವಿಧಾನ ಅದು. ಬೆಲೆಯ ಹತ್ತಿರ ಒಂದು ಬಾಣವೂ ನಿಲ್ಲುತ್ತಿರಲಿಲ್ಲ. ಎಲ್ಲ ನಿಲ್ಲುತ್ತಿದ್ದದ್ದು ‘ನಿಮ್ಮ ಪಾದದ ಫೋಟೋ ಹಾಕಿ’ ಎಂಬಲ್ಲಿ. ಅಲ್ಲೇ ಸುತ್ತಿ, ಹಿಂದೆ ಸರಿದು, ಮತ್ತೆ ಬಂದು, ಕೊನೆಗೆ ಹೊರಟುಹೋಗುತ್ತಿದ್ದವು.

ಕಾರಣವನ್ನು ಬಾಯಿಬಿಟ್ಟು ಹೇಳಿದ್ದು ಅವಳ ಚಿಕ್ಕಮ್ಮ. “ನನ್ನ ಕಾಲನ್ನ ನಾನೇ ಸರಿಯಾಗಿ ನೋಡ್ಕೊಳ್ಳಲ್ಲ ಕಣೇ. ಗಂಟು, ಆಣಿ, ಸೊಟ್ಟ ಬೆರಳು. ಅದರ ಫೋಟೋ ತೆಗೆದು ಊರಿಗೆಲ್ಲಾ ತೋರಿಸಬೇಕಾ?”

ಹೀಗೆ ರೆಕಾರ್ಡಿಂಗುಗಳನ್ನು ನೋಡಿ ನೋಡಿ ಅವಳಿಗೊಂದು ಕಣ್ಣು ಬಂದಿತ್ತು. ಒಬ್ಬೊಬ್ಬರ ಕೈಗೂ ಒಂದೊಂದು ನಡಿಗೆ. ಕೆಲವರದು ಅವಸರದ ಕೈ, ಓದುವ ಮೊದಲೇ ಒತ್ತುತ್ತದೆ. ಕೆಲವರದು ಅನುಮಾನದ ಕೈ. ಇನ್ನು ಮನೆಯಲ್ಲಿ ಗಂಡನ ಕೈಯನ್ನು ನೋಡಿ ನೋಡಿಯೇ ಅವಳಿಗೆ ಸಾಕಾಗಿತ್ತು. ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವನು. ಪತ್ರಿಕೆ ಮುಚ್ಚಿ ಮನೆಯಲ್ಲಿ ಕೂತರೂ ಚಟ ಹೋಗಿಲ್ಲ. ಕರೆಂಟು ಬಿಲ್ಲಾಗಲಿ, ಔಷಧಿಯ ಡಬ್ಬಿಯಾಗಲಿ, ಪ್ರತಿ ಸಾಲಿನ ಕೆಳಗೂ ಪೆನ್ಸಿಲನ್ನು ಮೆಲ್ಲಗೆ ಎಳೆದುಕೊಂಡು ಹೋಗಿ, ಸಾಲು ಮುಗಿದಲ್ಲಿ ಟಕ್ ಟಕ್ ಎಂದು ಎರಡು ಬಾರಿ ಕುಟ್ಟುತ್ತಾನೆ. ಪಾದದ ಫೋಟೋ ವಿಚಾರದ ವರದಿ ಬರೆಯುವ ದಿನ ಆ ಸದ್ದಿಗೆ ತಲೆ ಚಿಟ್ಟು ಹಿಡಿದು, ಕಂಪ್ಯೂಟರನ್ನು ಹಾಗೇ ಬಿಟ್ಟು, ಮಹಡಿಗೆ ಹೋಗಿ ಕೂತಿದ್ದಳು.

ಬಾಗಿಲು ದಢಾರನೆ ತೆರೆಯಿತು. ಯಜಮಾನಿ ಒಳಬಂದಳು. ಏಪ್ರನ್ನಿನ ಮೇಲೆ ಅಂಟಿನ ಕಲೆ, ಕೈಯಲ್ಲಿ ಚರ್ಮ ಕತ್ತರಿಸುವ ಕತ್ತರಿ. ಹಿಂದೆಯೇ ಅಂಗಡಿಯ ಅಳತೆಗಾರ ಬಂದ. ಕೊರಳಲ್ಲಿ ಟೇಪು, ಮುಖದಲ್ಲಿ ಜಾಲತಾಣ ಬಂದ ದಿನದಿಂದಲೂ ಇಳಿಯದ ಸಿಟ್ಟು.

“ಸಿಕ್ಕಿದನಾ?” ಎಂದಳು ಯಜಮಾನಿ.

“ಇನ್ನೂ ಇಲ್ಲ.”

“ಇನ್ನೂ ಇಲ್ಲ, ಇನ್ನೂ ಇಲ್ಲ! ಕೆಂಪು ಪಟ, ನೀಲಿ ಪಟ, ಸಿನಿಮಾ. ಎಲ್ಲಾ ಆಯ್ತು. ನಿಮ್ಮ ಚಿಕ್ಕಮ್ಮನ ಹೆಸರಲ್ಲಿ ಬಲೆ ಬೀಸಿದ್ರಲ್ಲ, ಅದೇನಾಯ್ತು?”

ಅದೇ ಜಿಗಣೆಯ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು. ಚಿಕ್ಕಮ್ಮ ನಿನ್ನೆ ಅರ್ಧ ಆರ್ಡರು ತುಂಬಿ ಬಿಟ್ಟಿದ್ದಳು. ಸಂಜೆ ಕರೆ ಬಂತು.

“ಕರೆ ಮಾಡಿದವನು ಮೊದಲ ಮಾತಿಗೇ ಏನಂದ ಗೊತ್ತಾ?” ಎಂದಳು ಜಿಗಣೆ. “‘ಫೋಟೋ ಗೀಟೋ ಏನೂ ಬೇಡಮ್ಮ, ನಾವೇ ಮನೆಗೆ ಬಂದು ಅಳತೆ ತಗೊಳ್ತೀವಿ’ ಅಂದ.”

ಯಜಮಾನಿಯ ಕತ್ತರಿ ಮೇಜಿನ ಮೇಲೆ ಕೂತಿತು. “ಜನ ಫೋಟೋಗೆ ಅಂಜಿ ಹೋಗ್ತಾರೆ ಅನ್ನೋದು ನಿಮ್ಮ ವರದಿಯಲ್ಲಿ ಮಾತ್ರ ಇತ್ತು.”

“ಹೌದು.”

“ಅದನ್ನ ಓದಿದವರು ಯಾರ್ಯಾರು?”

“ನೀವು. ಕಡ್ಡಿ. ಬರೆದ ನಾನು.”

“ನನ್ನ ಅಂಗಡಿಗೆ ನಾನೇ ಕನ್ನ ಹಾಕ್ಕೊಳ್ಳಲ್ಲ. ನೀವು ಪತ್ತೆ ಮಾಡೋಕೆ ಬಂದವರು. ಇನ್ನು ಉಳಿದವರು ಯಾರು?” ಯಜಮಾನಿ ತಮ್ಮನ ಕಡೆ ತಿರುಗಿದಳು. “ಎದ್ದೇಳು.”

“ಅಕ್ಕಾ, ನಾನಲ್ಲ.”

“ನಿನಗೆ ಬೂಟಿನ ಲೇಸು ಕಟ್ಟೋದು ಕಲಿಸಿದವಳು ನಾನು. ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗುತ್ತೆ.”

“ಹೆದರಿಕೆ ಆದಾಗಲೂ ಆಗುತ್ತೆ!” ಕಡ್ಡಿಯ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೆ ನಾಚಿಕೊಂಡು ಮೂಗು ಒರೆಸಿಕೊಂಡ.

ಜಿಗಣೆಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳುವುದು ಕಷ್ಟ. ಅವಳಿಗೂ ಇವನ ಮೇಲೇ ಅನುಮಾನ ಬಂದಿತ್ತು, ಲೆಕ್ಕ ಹಾಕಿದರೆ ಬೇರೆ ಯಾರೂ ಉಳಿಯುತ್ತಿರಲಿಲ್ಲ. ಆದರೆ ಅನುಮಾನವನ್ನು ಸಾಕ್ಷಿ ಎಂದು ಮಾರುವವರನ್ನು ಕಂಡರೆ ಅವಳಿಗೆ ಆಗದು.

“ಒಂದು ನಿಮಿಷ ತಡೀರಿ. ಪುಟ ತೆರೆದ ಗುರುತೇ ಇಲ್ಲದೆ ಹುಡುಗನ ಮೇಲೆ ಏನಂತ ದೂರು ಕೊಡ್ತೀರಿ?”

“ಬೇರೆಯವರ ತಮ್ಮನ ವಿಚಾರ. ಅದಕ್ಕೇ ನಿಮಗೆ ಇಷ್ಟೊಂದು ನಿಧಾನ. ನಿಮ್ಮ ಮನೆಯವರೇ ಆಗಿದ್ರೆ?”

“ನನ್ನ ಹೆತ್ತವರಾಗಿದ್ರೂ ಈ ರೂಮಲ್ಲಿ ನಿಂತು ಹೆಸರು ಹೇಳ್ತಿದ್ದೆ. ಆದ್ರೆ ನೋಡಿ ಹೇಳ್ತಿದ್ದೆ, ಊಹೆ ಮಾಡಿ ಅಲ್ಲ.”

“ನಾನಂತೂ ಅಲ್ಲ,” ಎಂದ ಅಳತೆಗಾರ ಇದ್ದಕ್ಕಿದ್ದಂತೆ.

ಮೂವರೂ ಅವನನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

“ನಿಮ್ಮನ್ನ ಯಾರು ಕೇಳಿದ್ರು?” ಎಂದಳು ಜಿಗಣೆ.

ಅಳತೆಗಾರ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಒಬ್ಬಿಬ್ಬರಿಗೆ ಫೋನ್ ಮಾಡಿದ್ದುಂಟು. ‘ಕಂಪ್ಯೂಟರ್ ಬಿಡಿ, ಅಂಗಡಿಗೇ ಬನ್ನಿ, ನಾನು ಕೈಯಾರೆ ಅಳೀತೀನಿ’ ಅಂತ. ನಮ್ಮ ಅಂಗಡಿಗೇ ಕರೆದಿದ್ದು, ಬೇರೆ ಕಡೆಗಲ್ಲ.”

“ನಂಬರು ಎಲ್ಲಿ ಸಿಕ್ತು?”

“ಈ ಹುಡುಗ ಆ ಪುಟ ತೆರೆದಿಟ್ಟು ಚಹಾಕ್ಕೆ ಹೋಗಿದ್ದ. ನೋಡ್ಕೊಂಡೆ.”

“ಯಾವಾಗ?”

“ಹೋದ ವಾರ.”

ಯಜಮಾನಿ ಬಾಯಿಗೆ ಬಂದದ್ದನ್ನೆಲ್ಲ ಅಳತೆಗಾರನ ಮೇಲೆ ಸುರಿದಳು. ಜಿಗಣೆಯ ಕಿವಿಗೆ ಅದರಲ್ಲಿ ಒಂದು ಮಾತೂ ಬೀಳಲಿಲ್ಲ. ಹೋದ ವಾರ ಆ ಪುಟ ತೆರೆದಿತ್ತು. ಆದರೆ ಎಣಿಕೆಯಲ್ಲಿ ಈ ತಿಂಗಳೆಲ್ಲ ಸೊನ್ನೆ.

“ಕಡ್ಡಿ, ಆ ಪುಟ ಈಗ ತೆರಿ.”

ಅವನು ಮೂಗು ಎಳೆಯುತ್ತಾ ತೆರೆದ. ಅರ್ಧ ಆರ್ಡರುಗಳು ಸಾಲಾಗಿ ಬಂದವು. ಹೆಸರು, ಅಳತೆ, ಫೋನು.

“ಈಗ ಎಣಿಕೆ ತೋರಿಸು.”

ತೋರಿಸಿದ. ಸೊನ್ನೆ.

“ನನ್ನ ಕಣ್ಣೆದುರಿಗೇ ತೆರೆದಿದ್ದೀಯಲ್ಲೋ! ಒಂದು ಅಂತ ಬರಬೇಕಲ್ವಾ?”

“ನಾವು ಲೆಕ್ಕಕ್ಕೆ ಬರಲ್ಲ ಮೇಡಂ,” ಎಂದ ಕಡ್ಡಿ. ಎಲ್ಲರಿಗೂ ಗೊತ್ತಿರುವ ವಿಚಾರವೆಂಬಂತೆ ಹೇಳಿದ. “ಗಿರಾಕಿಗಳನ್ನ ಎಣಿಸೋವಾಗ ನಮ್ಮವರು ಸೇರ್ಕೊಂಡ್ರೆ ಲೆಕ್ಕ ಕೆಡುತ್ತೆ. ನಾನೇ ದಿನಾ ನೂರು ಸಲ ಓಡಾಡ್ತೀನಿ. ಅದಕ್ಕೆ ಮೊದಲ ದಿನವೇ ನಮ್ಮ ಇಂಟರ್ನೆಟ್ ಇರೋ ಜಾಗಗಳನ್ನೆಲ್ಲಾ ಎಣಿಸದೆ ಬಿಟ್ಟುಬಿಡು ಅಂತ ಹಾಕೋದು. ಎಲ್ಲಾ ಕಡೆ ಹಾಗೇ ಮಾಡ್ತಾರೆ.”

ಯಜಮಾನಿ ಬೈಗುಳವನ್ನು ಅಲ್ಲಿಗೇ ಬಿಟ್ಟು ಪರದೆಯತ್ತ ತಿರುಗಿದಳು.

ಜಿಗಣೆ ತಲೆಯ ಮೇಲೆ ಕೈಹೊತ್ತು ಕೂತಳು. ಎಣಿಕೆ, ಬಣ್ಣದ ಪಟ, ರೆಕಾರ್ಡಿಂಗು, ಯಾವುದು ಒಳ್ಳೆಯದೆಂದು ಇಷ್ಟು ದಿನ ಜಗಳವಾಡಿದ್ದೇ ಬಂತು. ಎಲ್ಲವೂ ಬೀದಿಯ ಕಡೆ ಮುಖ ಮಾಡಿ ಕಾವಲು ಕೂತಿದ್ದವು. ಮನೆಯೊಳಗಿನವರನ್ನು ನೋಡಬೇಡ ಎಂದು ಮೊದಲ ದಿನವೇ ಹೇಳಿ ಕೂರಿಸಿದ್ದರು.

“ಬಿಟ್ಟಿರೋ ಜಾಗಗಳು ಯಾವ್ಯಾವು?”

“ಈ ಆಫೀಸು, ಕೆಳಗಿನ ಕಾರ್ಖಾನೆ, ನನ್ನ ರೂಮು, ಅಕ್ಕನ ಮನೆ.” ಕಡ್ಡಿ ಸ್ವಲ್ಪ ತಡೆದ. “ನಿಮ್ಮ ಮನೇದೂ ಇದೆ ಮೇಡಂ. ನೀವೇ ಹಾಕಿಸಿದ್ರಿ, ಮನೆಯಿಂದ ಕೆಲಸ ಮಾಡ್ತೀನಿ ಅಂತ.”

“ಎಲ್ಲಾ ತೆಗಿ.”

“ನಿಮ್ಮದನ್ನೂನಾ?”

“ಎಲ್ಲಾ ಅಂದ್ರೆ ಎಲ್ಲಾ. ನನ್ನದೊಂದು ಬಿಟ್ರೆ ನಾಳೆ ಇವರೇ ಆಡ್ಕೋತಾರೆ.”

ಯಜಮಾನಿ ಮುಂದೆ ಬಾಗಿದಳು. “ತೆಗೆದ್ರೆ ಹಳೇದೆಲ್ಲಾ ಕಾಣುತ್ತಾ?”

“ಇಲ್ಲಕ್ಕಾ. ಬಿಟ್ಟವರದ್ದನ್ನ ಅದು ಕೂಡಿಟ್ಟೇ ಇಲ್ಲ. ಇನ್ನು ಮುಂದೆ ಬಂದ್ರೆ ಮಾತ್ರ ಕಾಣುತ್ತೆ.”

“ಕಳ್ಳ ಬರೋವರೆಗೂ ಕಾಯ್ತಾ ಕೂರಬೇಕಾ?”

“ಕಾಯಬೇಕು,” ಎಂದಳು ಜಿಗಣೆ ಹಲ್ಲು ಕಚ್ಚಿ. “ಎರೆ ಹಾಕಿ ಕಾಯಬೇಕು.”

ಚಿಕ್ಕಮ್ಮನಿಗೆ ಫೋನು ಮಾಡಿದಳು. ಇನ್ನೊಂದು ಅರ್ಧ ಆರ್ಡರು ತುಂಬು ಎಂದಳು.

“ನನ್ನ ಕಾಲೇನು ದಿನಾ ಬೆಳೆಯುತ್ತೇನೇ?” ಎಂದಳು ಚಿಕ್ಕಮ್ಮ. ಬೈದುಕೊಂಡೇ ತುಂಬಿದಳು. ಪರದೆಯ ಮೇಲೆ ಹೊಸ ಸಾಲೊಂದು ಬಂದು ಕೂತಿತು.

ಕಾಯುವುದು ಶುರುವಾಯಿತು. ಯಾರೂ ಕೋಣೆ ಬಿಟ್ಟು ಹೋಗಕೂಡದು, ಎಲ್ಲರ ಕೈ ಮೇಜಿನ ಮೇಲೆ, ಎಲ್ಲರ ಫೋನು ತನ್ನ ಚೀಲದಲ್ಲಿ ಎಂದು ಜಿಗಣೆ ಕಟ್ಟಪ್ಪಣೆ ಮಾಡಿದಳು. ಯಜಮಾನಿ ಮಾತ್ರ ಫೋನು ಕೊಡಲಿಲ್ಲ. ಠಾಣೆಯ ನಂಬರು ಒತ್ತಿಟ್ಟುಕೊಂಡು, ಕರೆ ಮಾಡುವುದೊಂದನ್ನೇ ಬಾಕಿ ಉಳಿಸಿ ಕೂತಳು. ಕೆಳಗೆ ಕಾರ್ಖಾನೆಯ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಕೆಲಸಗಾರರು ಮನೆಗೆ ಹೊರಟ ಸದ್ದು ಮೆಟ್ಟಿಲಲ್ಲಿ ಕೇಳಿಸಿತು.

“ಬಾಗಿಲು ಹಾಕೋ ಹೊತ್ತಾಯ್ತು,” ಎಂದಳು ಯಜಮಾನಿ.

“ಇನ್ನೊಂಚೂರು.”

“ನಿಮ್ಮ ಇನ್ನೊಂಚೂರು ಕೇಳಿ ಕೇಳಿ ನನ್ನ ಕಿವಿ...”

“ಬಂತು!” ಎಂದು ಕಿರುಚಿದ ಕಡ್ಡಿ.

ಎರಡೂ ಕೈ ಮೇಲೆತ್ತಿ, ತಾನು ಏನನ್ನೂ ಮುಟ್ಟಿಲ್ಲವೆಂದು ಅಕ್ಕನಿಗೆ ತೋರಿಸಿದ. ಎಣಿಕೆಯ ಜಾಗದಲ್ಲಿ ಸೊನ್ನೆ ಹೋಗಿ ಒಂದು ಬಂದಿತ್ತು. ಯಾರೋ ಅರ್ಧ ಆರ್ಡರುಗಳ ಪುಟವನ್ನು ತೆರೆದಿದ್ದರು. ಕೋಣೆಯಲ್ಲಿದ್ದ ನಾಲ್ವರ ಎಂಟು ಕೈಗಳೂ ಕಣ್ಣೆದುರಿಗಿದ್ದವು.

ಯಜಮಾನಿ ತಮ್ಮನನ್ನು ನೋಡಿದಳು. ಅವನ ಬೆನ್ನ ಮೇಲೆ ಕೈಯಿಟ್ಟಳು. ಕಡ್ಡಿ ಈ ಸಲ ನಾಚಿಕೊಳ್ಳದೆ ಅತ್ತುಬಿಟ್ಟ.

“ಆಮೇಲೆ ಅಳು, ಮೊದಲು ಸಿನಿಮಾ ಹಾಕು,” ಎಂದಳು ಜಿಗಣೆ. ಎದೆ ಹಗುರಾಗಿತ್ತು. ಇಷ್ಟು ದಿನದ ಕಿರಿಕಿರಿಗೆ ಇವತ್ತು ಮುಕ್ತಿ ಎಂದುಕೊಂಡಳು.

ಆಗಿನ ಓಡಾಟವನ್ನು ಆಗಲೇ ತೋರಿಸುವ ಪರದೆಯ ಮೇಲೆ ಬಾಣ ಕಾಣಿಸಿತು. ಅವಸರವಿಲ್ಲದ ಬಾಣ. ಮೊದಲ ಹೆಸರಿನ ಕೆಳಗೆ ಬಂದು ನಿಂತಿತು. ಅಲ್ಲಿಂದ ಸಾಲಿನ ಕೆಳಗೆ ಮೆಲ್ಲಗೆ, ಒಂದಕ್ಷರವನ್ನೂ ಬಿಡದವರ ಹಾಗೆ, ಬಲಕ್ಕೆ ಸರಿಯಿತು. ಹೆಸರು, ಅಳತೆ, ಫೋನು. ಸಾಲು ಮುಗಿದಲ್ಲಿ ಏನೂ ಇಲ್ಲದ ಬಿಳಿ ಜಾಗದಲ್ಲಿ ನಿಂತು ಒತ್ತಿತು.

ಎರಡು ಬಾರಿ ಒತ್ತಿತು.

“ಅಲ್ಲಿ ಯಾಕೆ ಒತ್ತುತ್ತಾನೆ? ಗುಂಡಿಯೇ ಇಲ್ಲವಲ್ಲ,” ಎಂದ ಅಳತೆಗಾರ.

ಬಾಣ ಎರಡನೆಯ ಸಾಲಿಗೆ ಇಳಿಯಿತು. ಎಡದಿಂದ ಬಲಕ್ಕೆ ಮೆಲ್ಲಗೆ ಹೋಯಿತು. ಕೊನೆಯಲ್ಲಿ ಮತ್ತೆ ಎರಡು ಬಾರಿ.

ಸದ್ದೇ ಇಲ್ಲದ ಪರದೆಯಿಂದ ಜಿಗಣೆಗೆ ಟಕ್ ಟಕ್ ಕೇಳಿಸಿತು. ಬೆಳಗಿನ ಕಾಫಿಯ ಹೊತ್ತಿಗೆ ಕೇಳಿದ್ದು, ಬಿಲ್ಲು ಓದುವಾಗ ಕೇಳಿದ್ದು, ಅಂದು ಬಿಟ್ಟುಹೋದ ಕಂಪ್ಯೂಟರಿನ ಮುಂದೆ ಯಾರೋ ಕೂತು ಅವಳ ವರದಿಯನ್ನು ಓದಿದ್ದರೆ ಕೇಳಿರಬಹುದಾಗಿದ್ದದ್ದು. ತಪ್ಪಾಗಿರಲಿ, ಇದೊಂದು ಸಲ ನನ್ನ ಕಣ್ಣು ತಪ್ಪಾಗಿರಲಿ ಎಂದು ಬೇಡಿಕೊಂಡಳು.

ಕಡ್ಡಿ ಬಾಣ ಯಾವ ಜಾಗದಿಂದ ಬಂದಿದೆ ಎಂದು ನೋಡಿದ. ಇನ್ನೊಮ್ಮೆ ನೋಡಿದ. ಅವಳ ಕಿವಿಯ ಹತ್ತಿರ ಬಾಗಿದ.

“ಮೇಡಂ... ಐದನೇ ಜಾಗ. ಪಾಸ್‌ವರ್ಡೂ ನಿಮ್ಮದೇ.”

ಅವಳು ಚೀಲದಿಂದ ತನ್ನ ಫೋನು ತೆಗೆದಳು. ಮನೆಗೆ ಕರೆ ಮಾಡಿದಳು.

ಬಾಣ ಚಿಕ್ಕಮ್ಮನ ಹೆಸರಿನ ಕೆಳಗೆ ಬಂದಿತ್ತು. ನಡುವಿನಲ್ಲೇ ನಿಂತಿತು.

“ಹಲೋ,” ಎಂದ ಗಂಡ.

“ಏನ್ ಮಾಡ್ತಾ ಇದ್ದೀರಿ?”

“ಏನಿಲ್ಲ. ಹಳೇ ಪೇಪರ್ ಓದ್ತಾ ಇದ್ದೆ. ಯಾಕೆ, ಇವತ್ತೂ ತಡವಾಗುತ್ತಾ?”

ಸುಳ್ಳನ್ನು ಅವನು ಎಷ್ಟು ಮೆತ್ತಗೆ ಹೇಳಿದ! ಇಷ್ಟು ವರ್ಷ ಊರಿನ ಸುಳ್ಳುಗಾರರನ್ನೆಲ್ಲ ಹಿಡಿದು ತಂದವಳು, ಇದೇ ದನಿಯನ್ನು ಕೇಳಿಕೊಂಡು ದಿನಾ ನಿದ್ದೆ ಹೋಗಿದ್ದಳು.

ಯಜಮಾನಿ ಅವಳ ಮುಖವನ್ನು ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ಅವಳ ಮುಖವನ್ನೇ ನೋಡಿದಳು. ಕರೆ ಮಾಡುವ ಗುಂಡಿಯ ಮೇಲೆ ಅವಳ ಹೆಬ್ಬೆರಳು ಸಿದ್ಧವಾಗಿತ್ತು.

“ನಿಮಗೆ ಗೊತ್ತಾಗಿದೆ,” ಎಂದಳು. “ಹೆತ್ತವರಾಗಿದ್ರೂ ಹೇಳ್ತೀನಿ ಅಂದ್ರಲ್ಲ. ಹೆಸರು ಹೇಳಿ.”

ಆ ಮಾತು ಫೋನಿನ ಆಚೆ ತುದಿಗೂ ಕೇಳಿಸಿರಬೇಕು. ಪರದೆಯ ಮೇಲಿನ ಬಾಣ ಮಾಯವಾಯಿತು.

“ಹೇಳಬೇಡ ಕಣೇ,” ಎಂದ ಗಂಡ.